ಅಡಿಗೆಮನೆಗೆ ಬಂದ ವಿಜ್ಞಾನಿ: ಡಾ. ಕೆ. ಟಿ. ಅಚ್ಚಯ್ಯ

(ನಮ್ಮ ಸಂಘದ ಕೂಟದಲ್ಲಿ ಮಾಡಿದ ಭಾಷಣದ ಬರಹ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾವು ಕವಿಗಳನ್ನು ನೆನೆಯುತ್ತೇವೆ, ಅರಸರನ್ನು ನೆನೆಯುತ್ತೇವೆ, ಏಕೀಕರಣಕ್ಕಾಗಿ ದುಡಿದ ಹಿರಿಯರನ್ನು ನೆನೆಯುತ್ತೇವೆ. ಅದು ನ್ಯಾಯವಾದದ್ದೇ. ವಿಜ್ಞಾನಿಗಳ ಸರದಿ ಮಾತ್ರ ಬರುವುದು ಅಪರೂಪ. ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ನಮ್ಮ ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟಾಗ, ಈ ಸಲ ಅಂಥ ಒಬ್ಬರನ್ನು ತಮ್ಮ ಮುಂದೆ ನಿಲ್ಲಿಸಬೇಕೆಂದು ನನಗೆ ಅನ್ನಿಸಿತು. ನಾನಾದರೋ ವಾಣಿಜ್ಯ ಓದಿ ಬ್ಯಾಂಕಿನ ಮೇಜಿನ ಹಿಂದೆ ಕುಳಿತವನು. ರಸಾಯನ ಶಾಸ್ತ್ರದ ಗಾಳಿ ನನಗೆ ಸೋಕಿದ್ದು ಪ್ರೌಢಶಾಲೆಯಲ್ಲಿ ಮಾತ್ರ. ವಿಜ್ಞಾನಿಯೊಬ್ಬರ ವಿಷಯ ಮಾತನಾಡಲು ನಿನಗೇನು ಅಧಿಕಾರ ಎಂದು ತಾವು ಕೇಳಿದರೆ ನನ್ನಲ್ಲಿರುವ ಉತ್ತರ ಒಂದೇ: ಅವರು ತಮ್ಮ ಬಾಳಿನ ಕೊನೆಯ ಇಪ್ಪತ್ತು ವರ್ಷ ಕುಳಿತು ಬರೆದದ್ದು ನನ್ನಂಥವರಿಗಾಗಿಯೇ.

ಜೀವರಸಾಯನವನ್ನು ಕಲಿತು, ಆ ಕಲಿಕೆಯನ್ನು ಸಾಮಾನ್ಯ ಜನರಿಗೆ ತಿಳಿಯುವಂತೆ ಬರೆದವರು ಎಂದೊಡನೆ ಅನೇಕರಿಗೆ ಅಮೆರಿಕದ ಐಸಾಕ್ ಅಸಿಮೋವ್ ನೆನಪಾಗುತ್ತಾರೆ. ಬಾಸ್ಟನ್ ವಿಶ್ವವಿದ್ಯಾನಿಲಯದಲ್ಲಿ ಜೀವರಸಾಯನ ಕಲಿಸುತ್ತಿದ್ದ ಅವರು ನೂರಾರು ಪುಸ್ತಕ ಬರೆದರು. ಕಥೆಗಳಿಂದಲೂ ಲೇಖನಗಳಿಂದಲೂ ಲೋಕಕ್ಕೆಲ್ಲ ಪರಿಚಿತರಾದರು. ನಮ್ಮ ನಾಡಿನಲ್ಲಿ ಹುಟ್ಟಿದ ಅಂಥದೇ ಒಬ್ಬರ ಹೆಸರು ನಮ್ಮವರಲ್ಲೇ ಬಹಳ ಮಂದಿಗೆ ಗೊತ್ತಿಲ್ಲ. ಅವರೇ ಡಾಕ್ಟರ್ ಕೆ. ಟಿ. ಅಚ್ಚಯ್ಯನವರು. ಅಸಿಮೋವರು ಆಕಾಶದ ನಕ್ಷತ್ರಗಳವರೆಗೆ ಹೋದರೆ, ಅಚ್ಚಯ್ಯನವರು ನೇರವಾಗಿ ನಮ್ಮ ಅಡಿಗೆಮನೆಗೆ ಬಂದರು.

ಅಚ್ಚಯ್ಯನವರು ಹುಟ್ಟಿದ್ದು ೧೯೨೩ ರಲ್ಲಿ, ಕೊಳ್ಳೇಗಾಲದಲ್ಲಿ. ರೇಷ್ಮೆಗೆ ಹೆಸರಾದ ಊರು. ಸೂರತ್ತಿನ ಜರಿಯನ್ನು ಬಲ್ಲ ತಮಗೆ ರೇಷ್ಮೆಯ ಊರುಗಳನ್ನು ನಾನು ಪರಿಚಯಿಸಬೇಕಾಗಿಲ್ಲ. ಅವರದು ಕೊಡವ ಮನೆತನ. ಈಗ ಒಂದು ಸಂಗತಿಯನ್ನು ಗಮನಿಸಬೇಕು. ಅವರು ಹುಟ್ಟಿದಾಗ ಕೊಳ್ಳೇಗಾಲ ಮೈಸೂರಿನಲ್ಲಿರಲಿಲ್ಲ. ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಡಗು ಬೇರೆಯೇ ಪ್ರಾಂತವಾಗಿತ್ತು. ೧೯೫೬ ರ ನವೆಂಬರ್ ೧ ರಂದು ಎರಡೂ ಒಟ್ಟಿಗೆ ವಿಶಾಲ ಮೈಸೂರು ರಾಜ್ಯಕ್ಕೆ ಬಂದವು. ಹುಟ್ಟಿದ ಊರೂ ಹಿರಿಯರ ನಾಡೂ ಒಂದೇ ದಿನ ಕನ್ನಡ ರಾಜ್ಯದೊಳಗೆ ಬಂದ ಭಾಗ್ಯ ಅವರದು. ಆ ದಿನವನ್ನೇ ನಾವು ಇಲ್ಲಿ ಆಚರಿಸುತ್ತಿರುವುದರಿಂದ ಅವರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇರೊಂದಿಲ್ಲ.

ಮದರಾಸು ವಿಶ್ವವಿದ್ಯಾನಿಲಯದಲ್ಲಿ ರಸಾಯನ ಶಾಸ್ತ್ರದ ಪದವಿ ಪಡೆದು, ಅಚ್ಚಯ್ಯನವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂಶೋಧನೆಗಾಗಿ ಬಂದರು. ನಮ್ಮ ಹಿರಿಯರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ಅವರು ಹಿಡಿದ ವಿಷಯ ಹಾಲಿನ ಕೊಬ್ಬು. ಅಂದರೆ ಬೆಣ್ಣೆ ಮತ್ತು ತುಪ್ಪ. ಬಿ. ಎನ್. ಬ್ಯಾನರ್ಜಿಯವರೊಡನೆ ಅವರು ಬರೆದ ಪ್ರಬಂಧ ೧೯೪೬ ರಲ್ಲಿ ಇಂಗ್ಲೆಂಡಿನ ಜೀವರಸಾಯನ ಪತ್ರಿಕೆಯಲ್ಲಿ ಅಚ್ಚಾಯಿತು. ಆಮೇಲೆ ಲಿವರ್‌ಪೂಲ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಕೊಬ್ಬುಗಳ ರಸಾಯನದಲ್ಲಿ ಜಗತ್ತಿಗೇ ಗುರುವೆನಿಸಿದ್ದ ಹಿಲ್ಡಿಚ್ ಎಂಬ ಪ್ರಾಧ್ಯಾಪಕರ ಬಳಿ, ನಮ್ಮ ಹಸು ಮತ್ತು ಎಮ್ಮೆಗಳ ಹಾಲಿನ ಕೊಬ್ಬನ್ನೇ ಇನ್ನೂ ಆಳವಾಗಿ ಅಭ್ಯಾಸ ಮಾಡಿ ಡಾಕ್ಟರ್ ಪದವಿ ಪಡೆದರು.

ತುಪ್ಪದಲ್ಲಿ ಅಭ್ಯಾಸ ಮಾಡುವಂಥದೇನಿದೆ ಎಂದು ಕೇಳಬಹುದು. ಎಮ್ಮೆಯ ನಾಡಾದ ಗುಜರಾತಿನಲ್ಲಿ ಕುಳಿತು ಆ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಹಾಲಿನ ಕೊಬ್ಬಿನಲ್ಲಿ ಬ್ಯುಟಿರಿಕ್ ಆಮ್ಲವೆಂಬ ಒಂದು ಪುಟ್ಟ ಆಮ್ಲವಿದೆ. ನಾಲ್ಕೇ ಇಂಗಾಲದ ಕಣಗಳ ಸರಪಳಿ ಅದು. ಕಡಲೆಕಾಯಿ ಎಣ್ಣೆಯಲ್ಲಾಗಲಿ, ಹತ್ತಿಕಾಳಿನ ಎಣ್ಣೆಯಲ್ಲಾಗಲಿ, ವನಸ್ಪತಿಯಲ್ಲಾಗಲಿ ಅದು ಇರುವುದಿಲ್ಲ. ಆದ್ದರಿಂದ ತುಪ್ಪದಲ್ಲಿ ಇಂಥ ಪುಟ್ಟ ಆಮ್ಲಗಳು ಎಷ್ಟಿವೆಯೆಂದು ಅಳೆದರೆ ಬೆರಕೆಯ ಸುಳಿವು ಸಿಕ್ಕುತ್ತದೆ. ಆದರೆ ಇಲ್ಲೊಂದು ತೊಡಕು. ಹತ್ತಿಕಾಳನ್ನು ಹೇರಳವಾಗಿ ತಿನ್ನುವ ಎಮ್ಮೆಯ ಅಪ್ಪಟ ತುಪ್ಪದಲ್ಲಿಯೂ ಈ ಅಳತೆ ತಾನಾಗಿಯೇ ಇಳಿಯುತ್ತದೆ. ಸೌರಾಷ್ಟ್ರದ ರೈತನ ಚೊಕ್ಕ ತುಪ್ಪವನ್ನು ಕಲಬೆರಕೆಯೆಂದು ದಂಡಿಸಿದರೆ ಅನ್ಯಾಯವಾಗುತ್ತದಷ್ಟೆ? ಆದುದರಿಂದಲೇ ನಮ್ಮ ಆಹಾರದ ಕಾನೂನಿನಲ್ಲಿ ಹತ್ತಿಕಾಳಿನ ಪ್ರದೇಶಗಳ ತುಪ್ಪಕ್ಕೆ ಬೇರೆ ಮಿತಿ ಇಡಬೇಕಾಯಿತು. ಎಮ್ಮೆಯ ಬಾನಿಯಲ್ಲಿ ಏನು ಬಿದ್ದಿತೆಂಬುದು ನ್ಯಾಯಾಲಯದವರೆಗೆ ಹೋಗುವ ಪ್ರಶ್ನೆ! ಇದೇ ಕಾರಣಕ್ಕೆ ವನಸ್ಪತಿಯಲ್ಲಿ ನೂರಕ್ಕೆ ಐದು ಪಾಲು ಎಳ್ಳೆಣ್ಣೆ ಕೂಡಿಸಬೇಕೆಂಬ ನಿಯಮವನ್ನು ಸರಕಾರ ಮಾಡಿತ್ತು. ಎಳ್ಳೆಣ್ಣೆ ಇರುವ ಕೊಬ್ಬಿಗೆ ಸಕ್ಕರೆಯನ್ನೂ ಲವಣಾಮ್ಲವನ್ನೂ ಸೇರಿಸಿ ಕುಲುಕಿದರೆ ಕೆಂಪು ಬಣ್ಣ ಬರುತ್ತದೆ. ತುಪ್ಪದೊಳಗೆ ಅಡಗಿ ಕುಳಿತ ವನಸ್ಪತಿಯನ್ನು ಎಳ್ಳು ಹಿಡಿದುಕೊಡುತ್ತದೆ. ರಸಾಯನ ಶಾಸ್ತ್ರವು ಗೃಹಿಣಿಯ ಪಕ್ಷ ವಹಿಸುವುದು ಹೀಗೆ.

ವಿದೇಶದಿಂದ ಮರಳಿದ ಅಚ್ಚಯ್ಯನವರು ೧೯೫೦ ರಲ್ಲಿ ಹೈದರಾಬಾದಿನ ಪ್ರಯೋಗಾಲಯವನ್ನು ಸೇರಿದರು. ಮುಂದೆ ಪ್ರಾದೇಶಿಕ ಸಂಶೋಧನಾಲಯವೆಂದು ಕರೆಸಿಕೊಂಡ ಆ ಸಂಸ್ಥೆಗೆ ಈಗ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯೆಂದು ಹೆಸರು. ಎರಡು ದಶಕಗಳ ಕಾಲ ಅವರು ಅಲ್ಲಿ ಎಣ್ಣೆಕಾಳುಗಳ ಮೇಲೆ ಕೆಲಸ ಮಾಡಿದರು. ಅವುಗಳಲ್ಲಿ ಎರಡು ನಮಗೆ ಇಲ್ಲಿ ದಿನವೂ ಕಾಣುವಂಥವು: ಹರಳು ಮತ್ತು ಹತ್ತಿಕಾಳು.

ಹರಳನ್ನು ನಮ್ಮ ಉತ್ತರ ಕರ್ನಾಟಕದವರು ಔಡಲವೆನ್ನುತ್ತಾರೆ. ಹರಳೆಣ್ಣೆಯೆಂದರೆ ನಮಗೆ ನೆನಪಾಗುವುದು ತಲೆಗೆ ಹಚ್ಚುವ ಅಜ್ಜಿಯ ಕೈ, ಇಲ್ಲವೆ ಮೂಗು ಹಿಡಿದು ಕುಡಿಸಿದ ಭೇದಿಯ ಔಷಧ. ಆದರೆ ಅದರಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಮೇಲ್ಪಟ್ಟು ಇರುವ ರಿಸಿನೊಲಿಕ್ ಆಮ್ಲ ಬೇರಾವ ಅಡಿಗೆಯ ಎಣ್ಣೆಯಲ್ಲಿಯೂ ಈ ಪ್ರಮಾಣದಲ್ಲಿ ಇಲ್ಲ. ಆ ಒಂದು ವಿಶೇಷದಿಂದ ಹರಳೆಣ್ಣೆಯನ್ನು ಬಣ್ಣಕ್ಕೆ, ಯಂತ್ರಗಳ ಜಾರುಕಕ್ಕೆ, ಸಾಬೂನಿಗೆ, ಕೊನೆಗೆ ನೈಲಾನಿನ ಒಂದು ಜಾತಿಗೂ ಬಳಸಬಹುದು. ಅಚ್ಚಯ್ಯನವರು ಹರಳೆಣ್ಣೆಯಿಂದ ಪಡೆಯಬಹುದಾದ ವಸ್ತುಗಳ ವಿಷಯದಲ್ಲಿ ೧೯೭೧ ರಲ್ಲಿ ಅಮೆರಿಕದ ತೈಲ ರಸಾಯನ ಪತ್ರಿಕೆಯಲ್ಲಿ ದೊಡ್ಡ ಸಮೀಕ್ಷೆಯನ್ನು ಬರೆದರು. ಇಂದು ಜಗತ್ತಿನಲ್ಲಿ ಹರಳು ಬೆಳೆಯುವುದರಲ್ಲಿ ಭಾರತವೇ ಮೊದಲು. ಭಾರತದಲ್ಲಿ ಗುಜರಾತೇ ಮೊದಲು. ಮೆಹಸಾಣಾ ಬನಾಸಕಾಂಠಾಗಳ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಾಣುವ ಹರಳಿನ ಹೊಲಗಳ ಹಿಂದೆ ಇಂಥ ವಿಜ್ಞಾನಿಗಳ ದುಡಿಮೆಯೂ ಇದೆಯೆಂಬುದನ್ನು ನಾವು ನೆನೆಯಬೇಕು.

ಹತ್ತಿಕಾಳಿನದು ಇನ್ನೊಂದು ಕಥೆ. ಅರಳೆಯನ್ನು ಬಿಡಿಸಿದ ಮೇಲೆ ಉಳಿಯುವ ಕಾಳನ್ನು ನಮ್ಮವರು ದನಗಳ ಮುಂದೆ ಸುರಿಯುತ್ತಿದ್ದರು. ಅದರಲ್ಲಿರುವ ಗಾಸಿಪಾಲ್ ಎಂಬ ಹಳದಿ ಪದಾರ್ಥ ಮನುಷ್ಯನಿಗೆ ವಿಷ. ಮೆಲುಕು ಹಾಕುವ ಪ್ರಾಣಿಗಳು ಮಾತ್ರ ಅದನ್ನು ಒಂದು ಮಟ್ಟಕ್ಕೆ ತಾಳಿಕೊಳ್ಳುತ್ತವೆ. ಎಣ್ಣೆಯನ್ನು ಕ್ಷಾರದಿಂದ ತೊಳೆದು ಶುದ್ಧಿ ಮಾಡಿದಾಗ ಆ ವಿಷ ಹೋಗಿ ತಿಳಿಯಾದ ಅಡಿಗೆಯ ಎಣ್ಣೆ ದೊರೆಯುತ್ತದೆ. ಇಲ್ಲಿಯ ಅಂಗಡಿಗಳಲ್ಲಿ ಕಪಾಸಿಯಾ ತೇಲವೆಂದು ಡಬ್ಬದಲ್ಲಿ ಮಾರುವುದು ಇದನ್ನೇ. ನಾವು ಮೆಚ್ಚಿ ತಿನ್ನುವ ಫರಸಾಣವೆಷ್ಟೋ ಇದರಲ್ಲೇ ಕರಿದದ್ದು. ಹತ್ತಿಯ ವಿಷಯದಲ್ಲಿ ಗುಜರಾತಿಗೂ ಕರ್ನಾಟಕಕ್ಕೂ ಇನ್ನೊಂದು ನಂಟಿದೆ. ಜಗತ್ತಿನಲ್ಲಿ ಮೊಟ್ಟಮೊದಲು ರೈತರ ಕೈಗೆ ಬಂದ ಸಂಕರ ಹತ್ತಿಯನ್ನು ಸೂರತ್ತಿನ ಸಂಶೋಧನ ಕೇಂದ್ರದಲ್ಲಿ ಡಾ. ಸಿ. ಟಿ. ಪಟೇಲರು ೧೯೭೦ ರಲ್ಲಿ ಸಿದ್ಧಪಡಿಸಿದರು. ಎರಡೇ ವರ್ಷದಲ್ಲಿ, ೧೯೭೨ ರಲ್ಲಿ, ಧಾರವಾಡದಲ್ಲಿ ಡಾ. ಕಟರಕಿಯವರು ವರಲಕ್ಷ್ಮಿ ಎಂಬ ಸಂಕರ ತಳಿಯನ್ನು ಕೊಟ್ಟರು. ಹತ್ತಿ ಹೆಚ್ಚಿದಂತೆ ಕಾಳು ಹೆಚ್ಚಿತು, ಕಾಳು ಹೆಚ್ಚಿದಂತೆ ಎಣ್ಣೆ ಹೆಚ್ಚಿತು.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ೧೯೭೧ ರಿಂದ ಕೆಲವು ವರ್ಷ ಅಚ್ಚಯ್ಯನವರು ಮುಂಬಯಿಯಲ್ಲಿ, ಸಸಾರಜನಕ ಆಹಾರಗಳ ಅಭಿವೃದ್ಧಿಗಾಗಿ ಏರ್ಪಟ್ಟ ಸಂಘದ ಮುಖ್ಯಾಧಿಕಾರಿಯಾಗಿದ್ದರು. ೧೯೭೭ ರಿಂದ ೧೯೮೩ ರವರೆಗೆ ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದಲ್ಲಿ, ವಿಶ್ವಸಂಸ್ಥೆಯ ವಿಶ್ವವಿದ್ಯಾನಿಲಯದ ಕಾರ್ಯಕ್ರಮವನ್ನು ನೋಡಿಕೊಂಡರು. ಎಮ್ಮೆಯ ಹಾಲಿನಿಂದ ಹಸುಗೂಸಿಗೆ ಒಗ್ಗುವ ಆಹಾರದ ಪುಡಿಯನ್ನು ಮಾಡುವ ಕ್ರಮವನ್ನು ಹಿಂದೆ ಕಂಡುಹಿಡಿದದ್ದು ಮೈಸೂರಿನ ಅದೇ ಸಂಸ್ಥೆ. ಅದನ್ನು ಡಬ್ಬಕ್ಕೆ ತುಂಬಿ ದೇಶಕ್ಕೆಲ್ಲ ಕೊಟ್ಟದ್ದು ಆಣಂದದ ಅಮುಲ್. ಅಹಮದಾಬಾದಿನಿಂದ ವಡೋದರೆಗೆ ಹೋಗುವ ರೈಲು ಆಣಂದದಲ್ಲಿ ನಿಂತಾಗ ಮಕ್ಕಳಿಗೆ ಇದನ್ನು ಹೇಳಬಹುದು.

ನಿವೃತ್ತಿಯಾದ ವಿಜ್ಞಾನಿಗಳು ಸಾಮಾನ್ಯವಾಗಿ ಸಮಿತಿಗಳಲ್ಲಿ ಕುಳಿತುಕೊಳ್ಳುತ್ತಾರೆ. ಅಚ್ಚಯ್ಯನವರು ಬೆಂಗಳೂರಿನಲ್ಲಿ ನೆಲಸಿ ಬರವಣಿಗೆಗೆ ಕುಳಿತರು. ಅದಕ್ಕೆ ಮೊದಲೇ ನ್ಯಾಷನಲ್ ಬುಕ್ ಟ್ರಸ್ಟಿಗಾಗಿ, ನಾವು ತಿನ್ನುವ ಆಹಾರ ನಮ್ಮ ದೇಹದಲ್ಲಿ ಏನು ಮಾಡುತ್ತದೆಂಬುದನ್ನು ತಿಳಿಸುವ ಸುಲಭ ಬೆಲೆಯ ಪುಸ್ತಕವನ್ನು ಬರೆದಿದ್ದರು. ಅನಂತರ ೧೯೯೦ ರಲ್ಲಿ ಭಾರತದ ಎಣ್ಣೆಕಾಳುಗಳ ಮತ್ತು ಗಾಣಗಳ ಚರಿತ್ರೆ ಬಂದಿತು. ೧೯೯೩ ರಲ್ಲಿ ಗಾಣವೊಂದನ್ನೇ ಕುರಿತ ಪುಸ್ತಕ. ೧೯೯೪ ರಲ್ಲಿ ಅವರ ಹೆಸರನ್ನು ಉಳಿಸಿದ ದೊಡ್ಡ ಗ್ರಂಥ, ‘ಇಂಡಿಯನ್ ಫುಡ್’ ಪ್ರಕಟವಾಯಿತು. ೧೯೯೮ ರಲ್ಲಿ ಭಾರತೀಯ ಆಹಾರದ ಚಾರಿತ್ರಿಕ ನಿಘಂಟು. ೨೦೦೦ ದಲ್ಲಿ ಎಳೆಯರಿಗಾಗಿ ನಮ್ಮ ಆಹಾರದ ಕಥೆ. ೨೦೦೨ ರಲ್ಲಿ ಅವರು ತೀರಿಕೊಂಡರು. ಅರವತ್ತು ದಾಟಿದ ಮೇಲೆ ಒಬ್ಬ ಮನುಷ್ಯ ಮಾಡಿದ ಕೆಲಸವಿದು.

ಗಾಣದ ಪುಸ್ತಕದ ವಿಷಯ ಒಂದು ಮಾತು. ಪ್ರಯೋಗಾಲಯದಲ್ಲಿ ಬಾಳು ಕಳೆದವರಿಗೆ ಎತ್ತಿನ ಗಾಣ ಹಳೆಯ ಕಾಲದ ಗೊಡ್ಡು ವಸ್ತುವಾಗಿ ಕಾಣಬಹುದಾಗಿತ್ತು. ಗಾಣದ ಹಿಂಡಿಯಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ಎಣ್ಣೆ ಉಳಿದುಬಿಡುತ್ತದೆ. ದ್ರಾವಕದಿಂದ ತೆಗೆದರೆ ಒಂದು ಪಾಲೂ ಉಳಿಯುವುದಿಲ್ಲ. ಲೆಕ್ಕ ನೋಡಿದರೆ ಗಾಣ ನಷ್ಟದ ಬಾಬು. ಅಚ್ಚಯ್ಯನವರು ಲೆಕ್ಕವನ್ನು ಬಲ್ಲವರಾದರೂ ಗಾಣವನ್ನು ತುಚ್ಛವಾಗಿ ಕಾಣಲಿಲ್ಲ. ನಮ್ಮ ಊರುಗಳಲ್ಲಿ ಇಂದಿಗೂ ಕಲ್ಲಿನ ಗಾಣಗಳು ಗುಡಿಯ ಬಳಿಯೋ ಕೆರೆಯ ದಂಡೆಯ ಮೇಲೋ ಬಿದ್ದಿರುತ್ತವೆ. ನಂದಾದೀವಿಗೆಗೆಂದು ಗಾಣಕ್ಕೆ ಒಂದು ಸೊಲಿಗೆ ಎಣ್ಣೆಯನ್ನು ಬಿಟ್ಟ ದಾನವನ್ನು ನಮ್ಮ ಶಾಸನಗಳು ಹೇಳುತ್ತವೆ. ನಮ್ಮ ಗಾಣವೇ ಇಲ್ಲಿಯ ಘಾಣಿ. ನಮ್ಮ ಗಾಣಿಗನೇ ಇಲ್ಲಿಯ ಘಾಂಚಿ. ನಮ್ಮ ‘ಎಣ್ಣೆ’ ಎಂಬ ಮಾತನ್ನು ಬಿಡಿಸಿ ನೋಡಿ: ಎಳ್ಳು ಮತ್ತು ನೆಯ್, ಅಂದರೆ ಎಳ್ಳಿನ ತುಪ್ಪ. ಸಂಸ್ಕೃತದ ತೈಲವೂ ತಿಲದಿಂದ ಬಂದದ್ದು; ಗುಜರಾತಿನ ತೇಲವೂ ಅದೇ. ಶೇಂಗಾ ದಕ್ಷಿಣ ಅಮೆರಿಕದಿಂದ ಬಂದು ಸೌರಾಷ್ಟ್ರದ ಬೆಳೆಯಾಗಿ, ಸಿಂಗತೇಲ ಗುಜರಾತಿನ ಮನೆಮಾತಾಗುವುದಕ್ಕೆ ಎಷ್ಟೋ ಮೊದಲು, ಕನ್ನಡಿಗನಿಗೂ ಗುಜರಾತಿಗೂ ಎಣ್ಣೆಯೆಂದರೆ ಎಳ್ಳೆಣ್ಣೆಯೇ ಆಗಿತ್ತು. ಇದಕ್ಕೆ ಯಾವ ದಾಖಲೆ ಬೇಕು? ಮಾತೇ ದಾಖಲೆ.

ಈಗ ದೊಡ್ಡ ಗ್ರಂಥಕ್ಕೆ ಬರೋಣ. ‘ಇಂಡಿಯನ್ ಫುಡ್’ ಎಂಬುದು ಅಡಿಗೆ ಮಾಡುವ ಕ್ರಮದ ಪುಸ್ತಕವಲ್ಲ. ನಮ್ಮ ತಟ್ಟೆಯ ಮೇಲಿರುವ ಒಂದೊಂದು ಪದಾರ್ಥವೂ ಎಲ್ಲಿಂದ, ಯಾವಾಗ, ಯಾರ ಕೈಯಿಂದ ಬಂದಿತೆಂದು ಕೇಳಿ, ಉತ್ತರಕ್ಕೆ ಆಧಾರ ಹುಡುಕಿದ ಪುಸ್ತಕ. ಬ್ಯಾಂಕಿನಲ್ಲಿ ಪ್ರತಿಯೊಂದು ಜಮೆಗೂ ಖರ್ಚಿಗೂ ಚೀಟಿ ಇರಲೇಬೇಕು. ಚೀಟಿಯಿಲ್ಲದ ಬಾಬನ್ನು ತಪಾಸಣೆಯವರು ಕೆಂಪು ಶಾಯಿಯಲ್ಲಿ ಸುತ್ತುತ್ತಾರೆ. ಅಚ್ಚಯ್ಯನವರ ರೀತಿಯೂ ಹಾಗೆಯೇ. ಅಗೆತದಲ್ಲಿ ಸಿಕ್ಕ ಕಾಳು, ಸಸ್ಯಶಾಸ್ತ್ರ, ಪ್ರವಾಸಿಗರ ಬರವಣಿಗೆ, ಸಂಸ್ಕೃತ ತಮಿಳು ಕನ್ನಡ ಗುಜರಾತಿ ಗ್ರಂಥಗಳು, ಶಬ್ದಗಳ ಮೂಲ – ಇವೆಲ್ಲ ಅವರ ಚೀಟಿಗಳು. ಅಹಮದಾಬಾದಿಗೆ ಸಮೀಪದ ಲೋಥಲ್, ಅಲ್ಲಿಂದ ಆಚೆಗಿರುವ ರಂಗಪುರ – ಈ ಎರಡು ಕಡೆ ಸಿಕ್ಕ ಭತ್ತದ ಹೊಟ್ಟಿನ ಗುರುತುಗಳು ಇಂಥ ಚೀಟಿಗಳಲ್ಲಿ ಒಂದು. ಲೋಥಲನ್ನು ಅಗೆಸಿದವರು ಯಾರೆಂಬುದು ತಮಗೆ ಗೊತ್ತಿದೆ: ಶಿಕಾರಿಪುರ ರಂಗನಾಥ ರಾಯರು, ನಮ್ಮ ಶಿವಮೊಗ್ಗದ ಕಡೆಯವರು.

ಅವರ ರೀತಿಯನ್ನು ತೋರಿಸಲು ಒಂದೇ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ. ಅದೂ ನಮ್ಮೆಲ್ಲರ ಮನೆಯ ಭಾನುವಾರದ ಇಡ್ಲಿ.

ಇಡ್ಲಿಯ ಹೆಸರು ಬರವಣಿಗೆಯಲ್ಲಿ ಮೊದಲು ಕಾಣುವುದು ಎಲ್ಲಿ? ಅಚ್ಚಯ್ಯನವರು ಕೊಡುವ ಉತ್ತರ ಕೇಳಿ ಕನ್ನಡಿಗನ ಎದೆ ಹಿಗ್ಗದಿರದು: ಶಿವಕೋಟ್ಯಾಚಾರ್ಯರ ವಡ್ಡಾರಾಧನೆಯಲ್ಲಿ, ಅಂದರೆ ಕ್ರಿ. ಶ. ೯೨೦ ರ ಸುಮಾರಿನಲ್ಲಿ. ಮನೆಗೆ ಬಂದ ಬ್ರಹ್ಮಚಾರಿಗೆ ಬಡಿಸಿದ ಹದಿನೆಂಟು ಬಗೆಯ ಭಕ್ಷ್ಯಗಳಲ್ಲಿ ‘ಇಡ್ಡಲಿಗೆ’ ಒಂದು. ಆಮೇಲೆ ೧೦೨೫ ರಲ್ಲಿ ಎರಡನೆಯ ಚಾವುಂಡರಾಯನ ಲೋಕೋಪಕಾರವೆಂಬ ಕನ್ನಡ ಗ್ರಂಥ ಅದನ್ನು ಮಾಡುವ ಕ್ರಮವನ್ನೇ ಹೇಳುತ್ತದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಜೀರಿಗೆ ಕೊತ್ತಂಬರಿ ಮೆಣಸು ಇಂಗುಗಳನ್ನೂ ಬೆರಸುವುದು. ಇನ್ನೊಂದು ನೂರು ವರ್ಷದ ಮೇಲೆ, ೧೧೩೦ ರ ಸುಮಾರಿನಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಅದೇ ತಿಂಡಿ ‘ಇಡ್ಡರಿಕಾ’ ಎಂಬ ಹೆಸರಿನಿಂದ ಬರುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾವೆಲ್ಲ ಚಪ್ಪಾಳೆ ತಟ್ಟಿ ಎದ್ದು ಹೋಗಬಹುದಿತ್ತು. ವಿಜ್ಞಾನಿ ಅಲ್ಲಿಗೆ ನಿಲ್ಲಿಸಲಿಲ್ಲ. ಹೆಸರು ಇದ್ದಮಾತ್ರಕ್ಕೆ ಪದಾರ್ಥ ಅದೇ ಆಗಿತ್ತೆ ಎಂದು ಅವರು ಕೇಳಿದರು. ಹಳೆಯ ಕ್ರಮದಲ್ಲಿ ಉದ್ದು ಮಾತ್ರ ಇದೆ. ಅಕ್ಕಿಯ ತರಿ ಇಲ್ಲ. ಹಿಟ್ಟನ್ನು ರಾತ್ರಿಯೆಲ್ಲ ಇಟ್ಟು ಹುಳಿ ಬರಿಸುವ ಮಾತಿಲ್ಲ. ಉಗಿಯಲ್ಲಿ ಬೇಯಿಸಿ ಉಬ್ಬಿಸುವ ಮಾತೂ ಇಲ್ಲ. ಹಾಗಾದರೆ ಈ ಮೂರು ಎಲ್ಲಿಂದ ಬಂದವು? ೮೦೦ ರಿಂದ ೧೨೦೦ ರ ನಡುವೆ ಇಂಡೋನೇಷ್ಯದ ಹಿಂದೂ ಅರಸರಿಗೂ ನಮಗೂ ಹೋಗುಬರುವಿಕೆ ಇದ್ದಿತು. ಅವರ ಸಂಗಡ ಬಂದ ಅಡಿಗೆಯವರು ಹುಳಿ ಬರಿಸುವ ಮತ್ತು ಹಬೆಯಲ್ಲಿ ಬೇಯಿಸುವ ಜಾಣ್ಮೆಯನ್ನು ತಂದಿರಬಹುದೆಂದು ಅವರು ಊಹಿಸಿದರು. ನಮ್ಮ ಇಡ್ಲಿಗೆ ಹೊರದೇಶದ ಪಾಲೇ ಎಂದು ಕೆಲವರಿಗೆ ಸಿಟ್ಟು ಬಂದಿತು.

ಈ ಊಹೆಯನ್ನು ನಾವು ಒಪ್ಪಲೇಬೇಕೆಂದಿಲ್ಲ. ಇಂಡೋನೇಷ್ಯದ ಕಡೆಯಿಂದ ಗಟ್ಟಿಯಾದ ಆಧಾರ ಸಾಲದೆಂದು ಆಮೇಲೆ ಬರೆದ ಹಲವರು ಅದನ್ನು ಒಪ್ಪಿಲ್ಲ. ಕಡುಬು ಬೇಯಿಸುವ ನಮ್ಮ ತಾಯಂದಿರು, ನೀರು ಕುದಿಯುವ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿದರೆ ಹಬೆಗೆ ಬೇರೆ ಪಾತ್ರೆ ಏಕೆ ಬೇಕು ಎಂದಾರು. ಆ ಮಾತಿಗೂ ತೂಕವಿದೆ. ಹುಳಿ ಬರುವುದಂತೂ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಉದ್ದಿನ ಜೊತೆಯಲ್ಲಿಯೇ ಬರುವ ಸೂಕ್ಷ್ಮಜೀವಿಗಳು ಹಿಟ್ಟಿನಲ್ಲಿ ಬೆಳೆದು, ಹುಳಿಯನ್ನೂ ಇಂಗಾಲದ ಅನಿಲವನ್ನೂ ಉಂಟುಮಾಡುತ್ತವೆ. ಉದ್ದಿನ ಅಂಟು ಆ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇ ತಿಂಗಳ ಅಹಮದಾಬಾದಿನ ಸೆಕೆಯಲ್ಲಿ ಹಿಟ್ಟನ್ನು ಮರೆತು ಐದಾರು ಗಂಟೆ ಬಿಟ್ಟರೆ ಏನಾಗುತ್ತದೆಂಬುದು ಇಲ್ಲಿರುವ ಪ್ರತಿಯೊಬ್ಬ ಗೃಹಿಣಿಗೂ ಗೊತ್ತು. ಉದ್ದು ನೆನೆಸಿದ ನಾಡಿನಲ್ಲಿ ಯಾರೋ 'ಮರೆತ' ಹಿಟ್ಟೇ ಮೊದಲ ಹುಳಿಹಿಟ್ಟು ಆಗಿರಬಾರದೇಕೆ? ಆದರೆ ಇದೂ ಊಹೆಯೇ. ಇದಕ್ಕೂ ಚೀಟಿ ಬೇಕು. ಅಚ್ಚಯ್ಯನವರಿಂದ ಕಲಿಯಬೇಕಾದದ್ದು ಇದನ್ನು: ನಮಗೆ ಪ್ರಿಯವಾದ ಮಾತಿಗೂ ಅಪ್ರಿಯವಾದ ಮಾತಿಗೂ ಒಂದೇ ತಕ್ಕಡಿ. ತಮ್ಮ ನಾಡಿನ ತಿಂಡಿಯೆಂದು ಅವರು ಇಡ್ಲಿಗೆ ರಿಯಾಯಿತಿ ತೋರಿಸಲಿಲ್ಲ. ಕನ್ನಡದ ಆಧಾರ ಗಟ್ಟಿಯಾಗಿರುವಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಕೊಡಲು ಹಿಂಜರಿಯಲೂ ಇಲ್ಲ.

ಇಡ್ಲಿಯ ಕಥೆ ಇಲ್ಲಿಗೆ ಮುಗಿಯಲಿಲ್ಲ. ಅದು ಗುಜರಾತಿಗೆ ಬರುತ್ತದೆ. ೧೫೨೦ ರ ವರ್ಣಕ ಸಮುಚ್ಚಯವೆಂಬ ಗುಜರಾತಿ ಗ್ರಂಥದಲ್ಲಿ ಢೋಕಳಾದ ಜೊತೆಗೆ ‘ಇಡರಿ’ ಎಂಬ ಹೆಸರಿದೆ. ಇಡ್ಡಲಿಗೆ, ಇಡ್ಡರಿಕಾ, ಇಡರಿ – ಒಂದೇ ಮನೆತನದ ಹೆಸರುಗಳಂತೆ ಕೇಳುವುದಿಲ್ಲವೆ? ಸೂರತ್ತಿನವರು ಮಾವಿನ ಕಾಲದಲ್ಲಿ ಸೀಕರಣೆಯ ಜೊತೆಗೆ ತಿನ್ನುವ ಬಿಳಿಯ ಇದಡಾ ಅಕ್ಕಿ ಉದ್ದುಗಳ ಹಿಟ್ಟಿನದೇ. ತಟ್ಟೆಯಲ್ಲಿ ಹೊಯ್ದು ಕೊಯ್ದ ಇಡ್ಲಿಯೆಂದರೂ ತಪ್ಪಾಗದು. ಹಬೆಯಲ್ಲಿ ಬೇಯಿಸುವ ತಿಂಡಿಯನ್ನು ಸೌರಾಷ್ಟ್ರದ ನೇಕಾರರೇ ದಕ್ಷಿಣಕ್ಕೆ ತಂದರೆಂದು ಹೇಳುವವರೂ ಇದ್ದಾರೆ. ಯಾರು ಯಾರಿಗೆ ಕೊಟ್ಟರೆಂಬ ವ್ಯಾಜ್ಯ ಇತ್ಯರ್ಥವಾಗುವುದು ಬೇಗ ಸಾಧ್ಯವಿಲ್ಲ. ಕೊಟ್ಟುಕೊಂಡದ್ದು ಉಂಟೆಂಬುದರಲ್ಲಿ ಮಾತ್ರ ಸಂದೇಹ ಕಾಣದು. ಕರಾವಳಿಯವರ ಪತ್ರೊಡೆಯೂ ಇಲ್ಲಿಯ ಪಾತ್ರಾವೂ ಕೆಸುವಿನ ಎಲೆಯ ಅಕ್ಕತಂಗಿಯರು. ನಮ್ಮ ಹೋಳಿಗೆಗೆ ಇಲ್ಲಿಯ ವೇಡಮಿ ಓರಗಿತ್ತಿ. ಗುಜರಾತಿಗಳ ಬೇಳೆಗೆ ಬೆಲ್ಲ ಬೀಳುತ್ತದೆಂದು ಹೊಸದಾಗಿ ಬಂದ ನಮ್ಮವರು ಮೂಗು ಮುರಿಯುವುದುಂಟು. ನಮ್ಮ ಸಾರಿಗೂ ಹುಳಿಗೂ ಬೆಲ್ಲದ ಚೂರು ಹಾಕುವ ಕೈ ಯಾರದು ಎಂದು ಅವರು ತಿರುಗಿ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ!

ಈ ಕಥೆಯೊಳಗೆ ಇನ್ನೊಂದು ಕಥೆಯಿದೆ. ನನ್ನ ಭಾಷಣದ ತಿರುಳು ಅಲ್ಲಿಯೇ ಇದೆ. ಅಚ್ಚಯ್ಯನವರು ಇಡ್ಡಲಿಗೆಯ ಮಾತನ್ನು ಸಾಕ್ಷಿಯಾಗಿ ನಿಲ್ಲಿಸಬೇಕಾದರೆ ಅದು ಯಾರದಾದರೂ ಕಣ್ಣಿಗೆ ಬಿದ್ದಿರಬೇಕಷ್ಟೆ. ವಡ್ಡಾರಾಧನೆಯ ಓಲೆಗರಿಗಳನ್ನು ಬಿಡಿಸಿ, ಪಾಠಗಳನ್ನು ಹೋಲಿಸಿ, ೧೯೪೯ ರಲ್ಲಿ ಅಚ್ಚಿಗೆ ಕೊಟ್ಟವರು ಡಿ. ಎಲ್. ನರಸಿಂಹಾಚಾರ್ಯರು. ಕಲ್ಯಾಣದ ದೊರೆಯ ಮಾನಸೋಲ್ಲಾಸವನ್ನು ಅಚ್ಚು ಮಾಡಿಸಿದವರು ಯಾರು ಬಲ್ಲಿರಾ? ನಮ್ಮ ವಡೋದರೆ! ಶ್ರೀಗೊಂದೇಕರರು ಸಂಪಾದಿಸಿದ ಅದರ ಮೊದಲ ಸಂಪುಟ ೧೯೨೫ ರಲ್ಲಿ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಬಂದಿತು. ಎರಡನೆಯದು ೧೯೩೯ ರಲ್ಲಿ. ವರ್ಣಕ ಸಮುಚ್ಚಯವನ್ನು ಹೊರತಂದದ್ದೂ ವಡೋದರೆಯ ವಿದ್ವಾಂಸರೇ. ಕನ್ನಡ ನಾಡಿನ ಅರಸನೊಬ್ಬನ ಗ್ರಂಥವನ್ನು ಗುಜರಾತಿನ ಊರೊಂದು ಕಾಪಾಡಿ ಲೋಕಕ್ಕೆ ಕೊಟ್ಟಿತು. ಇಲ್ಲಿ ಮೂವತ್ತು ವರ್ಷ ಬಾಳಿದ ಕನ್ನಡಿಗರಿಗೂ ಇದು ಗೊತ್ತಿರಲಾರದು.

ಸಾವಿರ ವರ್ಷದ ಹಿಂದೆ ಒಬ್ಬ ಕನ್ನಡಿಗ ತನ್ನ ಕಥೆಯಲ್ಲಿ ಒಂದು ತಿಂಡಿಯ ಹೆಸರನ್ನು ಬರೆದಿಟ್ಟ. ಅದು ಮುಂದೆ ವಿಜ್ಞಾನದ ಸಾಕ್ಷಿಯಾದೀತೆಂದು ಅವನು ನೆನೆದಿರಲಾರ. ಆ ಒಂದು ಮಾತನ್ನು ಓದಬಲ್ಲವರು ಇದ್ದುದರಿಂದ ಸಾಕ್ಷಿ ಮಾತನಾಡಿತು. ಓದಬಲ್ಲವರು ಇಲ್ಲವಾದರೆ ಸಾಕ್ಷಿಯೂ ಮೂಕವಾಗುತ್ತದೆ. ಕನ್ನಡವೆಂದರೆ ಹಾಡಿಗೆ, ಕಣ್ಣೀರಿಗೆ, ಅಭಿಮಾನಕ್ಕೆ ಮಾತ್ರ ಬೇಕಾದದ್ದೆಂದು ನಾವು ತಿಳಿದುಬಿಟ್ಟಿದ್ದೇವೆ. ಬೆಳೆ, ಬೀಜ, ಔಷಧಿ, ಅಡಿಗೆ, ಗಾಣ, ಅಳತೆ – ಈ ಎಲ್ಲದರ ಅರಿವಿನ ಖಜಾನೆಯೂ ಅದೇ ಎಂಬುದನ್ನು ಒಬ್ಬ ರಸಾಯನ ಶಾಸ್ತ್ರಜ್ಞರು ನಮಗೆ ತೋರಿಸಿಕೊಟ್ಟರು.

ನಮ್ಮ ಮಕ್ಕಳ ಸ್ಥಿತಿಯನ್ನು ತಾವು ಬಲ್ಲಿರಿ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಗುಜರಾತಿ, ಗೆಳೆಯರೊಡನೆ ಹಿಂದಿ. ಕನ್ನಡ ಅವರಿಗೆ ಕಿವಿಯ ಭಾಷೆಯಾಗಿ ಉಳಿದಿದೆ, ಕಣ್ಣಿನ ಭಾಷೆಯಾಗಿಲ್ಲ. ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಓದಿದರೆ ಏನು ಸಿಕ್ಕುತ್ತದೆಂದು ಅವರು ಕೇಳುವ ಪ್ರಶ್ನೆಗೆ, ನಮ್ಮ ಸಂಸ್ಕೃತಿ, ನಮ್ಮ ಪರಂಪರೆ ಎಂದಷ್ಟೇ ಹೇಳಿದರೆ ಎಳೆಯ ಮನಸ್ಸಿಗೆ ಸಾಲದು. ವಿಜ್ಞಾನ ಓದುವ ಮಗನಿಗೆ, ಮಗಳಿಗೆ, ಇಡ್ಡಲಿಗೆಯ ಕಥೆ ಹೇಳಿ ನೋಡಿ. ಆಧಾರ ಹುಡುಕುವ ಆಟ ಎಂಥ ಮಕ್ಕಳಿಗೂ ಹಿಡಿಸುತ್ತದೆ.

ಅಚ್ಚಯ್ಯನವರು ಬರೆದದ್ದು ಇಂಗ್ಲಿಷಿನಲ್ಲಿ. ಅದರಿಂದ ಅವರ ಮಾತು ದೇಶವನ್ನೆಲ್ಲ ಮುಟ್ಟಿತು; ಕನ್ನಡ ಬಾರದ ನಮ್ಮ ಮಕ್ಕಳನ್ನೂ ಮುಟ್ಟುತ್ತದೆ. ಆದರೆ ವಿಜ್ಞಾನವನ್ನು ಕನ್ನಡದಲ್ಲಿಯೇ ಸರಸವಾಗಿ ಹೇಳಿದ ಹಿರಿಯರಿಗೂ ನಮ್ಮಲ್ಲಿ ಕೊರತೆಯಿಲ್ಲ. ೧೯೧೮ ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆ ನಡೆಸಿದರು. ಶಿವರಾಮ ಕಾರಂತರು ವಿಜ್ಞಾನ ಪ್ರಪಂಚದ ಸಂಪುಟಗಳನ್ನು ಒಬ್ಬರೇ ಬರೆದು ಮುಗಿಸಿದರು. ಸಸ್ಯಶಾಸ್ತ್ರಜ್ಞ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ೧೯೭೮ ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೇಟೊ, ಕಡಲೆಕಾಯಿಗಳು ಸಮುದ್ರ ದಾಟಿ ನಮ್ಮ ತಟ್ಟೆಗೆ ಬಂದುದನ್ನು ಅಚ್ಚಯ್ಯನವರು ಒಂದು ಅಧ್ಯಾಯದಲ್ಲಿ ಹೇಳಿದರೆ, ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಎಂದು ಒಂದು ಪುಸ್ತಕವನ್ನೇ ಬರೆದರು. ಹೆಸರಿನಲ್ಲಿಯೇ ಅದರ ಸೊಗಸು ತಿಳಿಯುತ್ತದೆ.

ಆದುದರಿಂದ ಸಂಘದ ಮುಂದೆ ಮೂರು ಸಣ್ಣ ಕೋರಿಕೆಗಳನ್ನಿಡುತ್ತೇನೆ. ಹೆಚ್ಚು ಹಣ ಬೇಡುವಂಥವಲ್ಲ, ಖಜಾಂಚಿಗಳು ಹೆದರಬೇಕಾಗಿಲ್ಲ. ಮೊದಲನೆಯದು, ನಮ್ಮ ಪುಸ್ತಕದ ಬೀರುವಿನಲ್ಲಿ ಕಾದಂಬರಿಗಳ ಪಕ್ಕಕ್ಕೆ ಅಚ್ಚಯ್ಯನವರ, ಕಾರಂತರ, ಸ್ವಾಮಿಯವರ ಈ ಪುಸ್ತಕಗಳಿಗೂ ಒಂದು ಅಂಕಣ ಇರಲಿ. ಎರಡನೆಯದು, ಮಕ್ಕಳಿಗೆ ಅಕ್ಷರ ಕಲಿಸುವಾಗ ಅಡಿಗೆಮನೆಯಿಂದಲೇ ಆರಂಭಿಸೋಣ. ಡಬ್ಬಗಳ ಮೇಲೆ ಉದ್ದು, ಎಳ್ಳು, ಮೆಂತ್ಯ, ಇಂಗು ಎಂದು ಕನ್ನಡದಲ್ಲಿ ಬರೆದು ಅಂಟಿಸಿದರೆ ದಿನಕ್ಕೆ ಹತ್ತು ಸಲ ಪಾಠವಾಗುತ್ತದೆ. ಊರಿನಿಂದ ಅಜ್ಜಿಯರು ಬಂದಾಗ ಅವರ ಬಾಯಿಂದ ತಿಂಡಿ, ಕಾಳು, ಪಾತ್ರೆ, ಅಳತೆಗಳ ಹೆಸರುಗಳನ್ನು ಮಕ್ಕಳಿಂದಲೇ ಬರೆಸಿಡೋಣ. ಬೀದರಿನ ಅಜ್ಜಿಯ ಮಾತು ಬೇರೆ, ಕುಂದಾಪುರದ ಅಜ್ಜಿಯ ಮಾತು ಬೇರೆ, ಚಾಮರಾಜನಗರದ ಅಜ್ಜಿಯ ಮಾತು ಬೇರೆ; ಮೂರೂ ಒಂದೇ ಕಡೆ ಸಿಕ್ಕುವುದು ನಮ್ಮಂಥ ಪರಊರಿನ ಸಂಘದಲ್ಲಿ ಮಾತ್ರ. ಮೂರನೆಯದು, ಮೇಲಿನ ತರಗತಿಯ ಮಕ್ಕಳನ್ನು ಒಂದು ರಜೆಯಲ್ಲಿ ಲೋಥಲಿಗೂ ಇನ್ನೊಂದು ರಜೆಯಲ್ಲಿ ವಡೋದರೆಗೂ ಕರೆದೊಯ್ಯೋಣ. ಒಂದನ್ನು ನಮ್ಮವರು ಅಗೆದು ಗುಜರಾತಿಗೆ ಕೊಟ್ಟರು. ಇನ್ನೊಂದರಲ್ಲಿ ಗುಜರಾತಿನವರು ನಮ್ಮ ಗ್ರಂಥವನ್ನು ಅಚ್ಚು ಮಾಡಿಸಿ ನಮಗೆ ಕೊಟ್ಟರು. ಋಣ ಎರಡು ಕಡೆಯಿಂದಲೂ ಇದೆ.

ಅಚ್ಚಯ್ಯನವರಂಥವರಿಗೆ ಪ್ರತಿಮೆ ನಿಲ್ಲಿಸುವವರು ಕಡಿಮೆ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲವೆಂದು ಕಾಣುತ್ತದೆ. ಅವರ ಪುಸ್ತಕವನ್ನು ತೆರೆದು, ತಟ್ಟೆಯ ಮುಂದೆ ಕುಳಿತ ಮಗು ಇದು ಎಲ್ಲಿಂದ ಬಂದಿತೆಂದು ಕೇಳಿದಾಗ ಸುಮ್ಮನೆ ತಿನ್ನು ಎನ್ನದೆ, ಹುಡುಕೋಣ ಬಾ ಎಂದರೆ ಸಾಕು.

 ಸಿರಿಗನ್ನಡಂ ಗೆಲ್ಗೆ.